ವಿಕಾಸ್ ಹೇಳಿದ ಸುಳ್ಳು

ಅಲ್ ಮಬೇಲಾ, ಶನಿವಾರ

ಪ್ರೀತಿಯ ಅಮ್ಮನಿಗೆ,

ಇದು ಫೋನಿನಲ್ಲಿ ಹೇಳುವ ವಿಷಯವಲ್ಲ. ಹಾಗಾಗಿ ರಜೆಗೆ ಊರಿಗೆ ಬರುತ್ತಿರುವ ನಮ್ಮ ಆಫೀಸಿನ ಸುಹೈಲಾಳ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ಇಲ್ಲೇ ಸೊಹಾರಿನಲ್ಲಿ ಕೆಲಸಕ್ಕಿರುವ ವಿಕಾಸ್ ನನ್ನನ್ನು ಬೇಡವೆಂದರೆಂದು ನೀನು ಅವರ ತಾಯಿಯ ಹತ್ತಿರ ಮಾತು ಬಿಟ್ಟಿದ್ದೀಯಂತೆ. ಅಮ್ಮ, ಬೇಡವೆಂದದ್ದು ನಾನು. ಅವರು ನನ್ನನ್ನು ನೋಡಲು ಬಂದ ಶುಕ್ರವಾರ, ಚಹಾ ಅಂಗಡಿಯ ಎದುರು ಕಾರಿನಲ್ಲಿ ಕೂತಿದ್ದಾಗ, "ಬೇರೆ ಯಾರಾದ್ರೂ ಇದ್ದಾರಾ?" ಎಂದು ಕೇಳಿದರು.

"ಈಗ ಇಲ್ಲ. ಇದ್ರೂ ಹುಡುಗಿಯೇ ಆಗಿರ್ತಾಳೆ" ಎಂದೆ. ಹದಿನಾರನೇ ವಯಸ್ಸಿನಿಂದ ಗೊತ್ತಿದ್ದ ಮಾತು, ಇಪ್ಪತ್ತೈದಕ್ಕೆ ಮೊದಲ ಸಲ ಬಾಯಿಂದ ಬಂತು. ಹೇಳುವಾಗ ನನಗೆ ಹೆದರಿಕೆಯಾಗಲಿಲ್ಲ.

ಅವರು, "ಹಾಗಾದ್ರೆ ನಾನೇ ಒಪ್ಪಲಿಲ್ಲ ಅಂತ ಹೇಳ್ತೇನೆ. ನಿಮ್ಮನ್ನು ಯಾರೂ ಏನೂ ಕೇಳುದು ಬೇಡ" ಎಂದರು.

ಒಂದು ತಿಂಗಳು ಆ ಸುಳ್ಳಿನ ಮರೆಯಲ್ಲಿ ಆರಾಮವಾಗಿದ್ದೆ. ಆದರೆ ಅದರ ಶಿಕ್ಷೆ ಅವರ ಮನೆಯವರಿಗೆ ಸಿಗುತ್ತಿದೆ. ದಯವಿಟ್ಟು ಒಮ್ಮೆ ಅವರ ಮನೆಗೆ ಹೋಗಿ ಬಾ. ಕಾರಣ ಹೇಳುವುದು ಬೇಡ, ಅವರ ತಾಯಿಯನ್ನು ಮಾತಾಡಿಸಿದರೆ ಸಾಕು.

ಓದಿದ ಮೇಲೆ ಈ ಕಾಗದವನ್ನು ಒಲೆಗೆ ಹಾಕು. ಡಿಸೆಂಬರಿಗೆ ಟಿಕೆಟ್ ಮಾಡಬೇಕು. ನೀನು ಬಾ ಎಂದ ಮೇಲೆಯೇ ಮಾಡುತ್ತೇನೆ.

ನಿನ್ನ ಮಗಳು,
ಯಕ್ಷಿತಾ