ನಾನೇ ಆರಿಸಿದ ಪ್ರಿಂಟರ್

ಮಾನ್ಯ ವ್ಯವಸ್ಥಾಪಕರಿಗೆ,

ನಮಸ್ಕಾರ ಸರ್. ಹೊಸ ಪ್ರಿಂಟರನ್ನು ಆರಿಸಿದವಳು ನಾನೇ, ನಿಜ. ಅಂಗಡಿಯಲ್ಲಿ ಅದೊಂದೇ ಸದ್ದಿಲ್ಲದೆ ಓಡುತ್ತಿತ್ತು. ರಾತ್ರಿಯೆಲ್ಲ ಮಗುವಿನ ಅಳು ಕೇಳಿದ ಕಿವಿಗೆ ಅಷ್ಟೇ ಸಾಕಾಯಿತು. ಆಫೀಸಿನ ಹಳೆಯ ಕಂಪ್ಯೂಟರುಗಳಿಗೆ ಅದನ್ನು ನಡೆಸುವ ಡ್ರೈವರ್ ತಂತ್ರಾಂಶ ಸಿಗುವುದಿಲ್ಲವೆಂದು ತಿಳಿದದ್ದು ಡಬ್ಬ ಒಡೆದ ಮೇಲೆ. ಈಗ ಅದು ನಾನು ಮನೆಯಿಂದ ತರುವ ಲ್ಯಾಪ್‌ಟಾಪಿನ ಮಾತು ಮಾತ್ರ ಕೇಳುತ್ತದೆ.

"ನೀವೇ ನೋಡಿ ತಂದ ಸೊಸೆ, ನೀವೇ ಸುಧಾರಿಸ್ಕೊಳ್ಳಿ ತಾಯಿ" ಎಂದು ನೀವು ನಕ್ಕಿರಿ. ಐದು ಗಂಟೆಗೆ ಚೀಲ ಹೆಗಲಿಗೇರಿಸಿದರೆ ಸಾಕು, ಲೆಕ್ಕದವರು "ಅಕ್ಕಾ, ಇದೊಂದೇ ಹಾಳೆ" ಎನ್ನುತ್ತಾ ಬರುತ್ತಾರೆ. ನಿನ್ನೆ ನಾನು ತಲುಪುವಷ್ಟರಲ್ಲಿ ಶಿಶುವಿಹಾರಕ್ಕೆ ಬೀಗ ಬಿದ್ದಿತ್ತು. ಆಯಾ ನನ್ನ ಮಗಳನ್ನು ಎತ್ತಿಕೊಂಡು ಬೀದಿಯಲ್ಲಿ ನಿಂತಿದ್ದರು. "ಇನ್ನೊಂದು ಸಲ ತಡವಾದ್ರೆ ಬೇರೆ ಕಡೆ ನೋಡ್ಕೊಳ್ಳಿ" ಅಂದರು. ಬೇರೆ ಕಡೆ ಎಂಬುದು ನನಗಿಲ್ಲ ಸರ್.

ದಯವಿಟ್ಟು ಇದನ್ನು ಅಂಗಡಿಗೆ ವಾಪಸ್ ಕೊಟ್ಟು, ಎಲ್ಲ ಕಂಪ್ಯೂಟರಿಗೂ ಹೊಂದುವ ಪ್ರಿಂಟರ್ ತರಿಸಿ. ಅಲ್ಲಿಯವರೆಗೆ ನನ್ನ ಲ್ಯಾಪ್‌ಟಾಪ್ ಇಲ್ಲೇ ಇರಲಿ. ನನ್ನನ್ನು ಮಾತ್ರ ಐದಕ್ಕೆ ಬಿಡಿ.

ಉತ್ತರವನ್ನು ಬಾಯಲ್ಲೇ ಹೇಳಿದರೆ ಸಾಕು. ಟೈಪು ಮಾಡಿಸಿದರೆ ಅದರ ಪ್ರಿಂಟ್ ತೆಗೆಯಲು ನಾನೇ ಕೂರಬೇಕಾಗುತ್ತದೆ.

ಇಂತಿ,
ಟಪಾಲು ವಿಭಾಗದ ಗುಮಾಸ್ತೆ