ಜೆಲ್ಲಿನ ಹದ

ಲಗ್ಗೆರೆ
ಭಾನುವಾರ, ೧೪ ಜುಲೈ ೨೦೨೪

ಪ್ರೀತಿಯ ಶೋಭಕ್ಕನಿಗೆ ಜ್ಯೋತಿಯ ನಮಸ್ಕಾರ.

ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ಬೈಯಬೇಡ. ಫೋನ್ ಮಾಡೋಣವೆಂದರೆ ನಿನ್ನ ದನಿ ಕೇಳಿದ ಕೂಡಲೇ ಅಳು ಬರುತ್ತದೆ. ಎಲ್ಲರೂ ಕ್ಷೇಮ ಎಂದು ಬರೆಯಲೂ ಕೈ ಬರುತ್ತಿಲ್ಲ.

ಮದುವೆಯಾಗಿ ಹನ್ನೊಂದು ವರ್ಷಕ್ಕೆ ನಾನು ಬಸುರಿ ಅಕ್ಕಾ. ಎರಡು ತಿಂಗಳು ತುಂಬಿದೆ. ಕಳೆದ ಮಂಗಳವಾರ ಸ್ಕ್ಯಾನಿಂಗ್‌ಗೆ ಹೋಗಿದ್ದೆವು. ಡಾಕ್ಟರಮ್ಮ ಪರದೆ ನೋಡುತ್ತಾ ಹೊಟ್ಟೆಯ ಮೇಲೆ ಮತ್ತೆ ಮತ್ತೆ ಆಡಿಸಿದರು. "ಎದೆಬಡಿತ ಕಾಣಿಸ್ತಿಲ್ಲ. ದಿನದ ಲೆಕ್ಕ ಹಿಂದೆಮುಂದೆ ಆಗಿರ್ಬಹುದು. ಒಂದ್ ವಾರ ಬಿಟ್ಟು ಬನ್ನಿ, ಇನ್ನೊಂದ್ಸಲ ನೋಡೋಣ" ಅಂದರು. ಇವರು "ಏನೂ ಆಗಿರಲ್ಲ ಬಿಡು" ಎನ್ನುತ್ತಾ ಗಾಡಿ ತರಲು ಹೋದರು. ನನ್ನ ಕಣ್ಣು ಮಾತ್ರ ಹೊಟ್ಟೆಗೆ ಹಚ್ಚಿದ ಜೆಲ್ಲಿನ ಬಾಟಲಿಯ ಮೇಲಿತ್ತು. ಅದು ಪೀಣ್ಯದಲ್ಲಿ ನಾನು ಕೆಲಸ ಮಾಡುವ ಯೂನಿಟ್ಟಿನದೇ. ಕಲಸಿದವಳು ನಾನೇ.

ನಿನಗೆ ಅಡುಗೆಯ ಭಾಷೆಯಲ್ಲೇ ಹೇಳುತ್ತೇನೆ. ನೀರಿಗೆ ಪಾಲಿಮರ್ ಎಂಬ ಬಿಳಿ ಪುಡಿ ಹಾಕುತ್ತೇವೆ. ಅದರ ಉದ್ದುದ್ದ ಎಳೆಗಳು ಒಂದಕ್ಕೊಂದು ಗಂಟುಬಿದ್ದು ಬಲೆಯಾಗಿರುತ್ತವೆ, ನೀರು ಕುಡಿದು ಉಬ್ಬುತ್ತವೆ. ಪುಡಿ ಕಡಿಮೆಯಾದರೆ ಅಂಬಲಿಯ ಹಾಗೆ ಹೊಟ್ಟೆಯ ಪಕ್ಕಕ್ಕೆ ಹರಿದುಹೋಗುತ್ತದೆ. ಜಾಸ್ತಿಯಾದರೆ ಮುದ್ದೆಯ ಹಾಗೆ ಗಟ್ಟಿ, ಕಲಸುವಾಗ ಸೇರಿದ ಗಾಳಿಗುಳ್ಳೆ ಹೊರಗೆ ಬರುವುದೇ ಇಲ್ಲ. ಗುಳ್ಳೆ ಇದ್ದ ಕಡೆ ಸ್ಕ್ಯಾನ್ ಮೆಷಿನ್ ಬಿಡುವ, ಕಿವಿಗೆ ಕೇಳದ ಶಬ್ದ ಒಳಗಿಳಿಯದೆ ಪರದೆ ಕಪ್ಪಾಗುತ್ತದೆ. ಹದವಾಗಿದ್ದರೆ ಬಿಟ್ಟಲ್ಲಿ ನಿಲ್ಲುತ್ತದೆ, ತಳ್ಳಿದರೆ ಮಾತ್ರ ಜಾರುತ್ತದೆ.

ಹಾಗಾದರೆ ನನ್ನ ಕೈಯೇ ತಪ್ಪಿರಬೇಕು, ಪುಡಿ ಹೆಚ್ಚಾಗಿ ಗುಳ್ಳೆ ನಿಂತು ಮಗು ಮರೆಯಾಗಿರಬೇಕು ಎಂದುಕೊಂಡು ಮಾರನೆಯ ದಿನ ಯೂನಿಟ್ಟಿಗೆ ಓಡಿದೆ. ಪ್ರತಿ ಸಲ ಕಲಸಿದ್ದರಲ್ಲಿ ಒಂದು ಬಾಟಲಿ ಎತ್ತಿಡುತ್ತೇವೆ. ಆಸ್ಪತ್ರೆಯ ಬಾಟಲಿಯ ನಂಬರಿನದನ್ನೇ ಹುಡುಕಿ ಗಾಜಿನ ಮೇಲೆ ಸುರಿದು ಓರೆ ಮಾಡಿದೆ, ಬೆಳಕಿಗೆ ಹಿಡಿದೆ, ಎಷ್ಟು ಮಂದವಿದೆ ಎಂದು ಮೆಷಿನ್ನಿನಲ್ಲಿ ಅಳೆದೆ. ಗುಳ್ಳೆ ಇಲ್ಲ. ಹದವೂ ಸರಿ. ಜೊತೆಯಲ್ಲಿ ಕೆಲಸ ಮಾಡುವ ಶೀತಲ್ "ಸಕ್ಕತ್ತಾಗ್ ಬಂದಿದೆ ಕಣಕ್ಕಾ, ಏನ್ ಹುಡುಕ್ತಿದೀರ ಇದ್ರಲ್ಲಿ?" ಎಂದಳು. ಏನೂ ತಿಳಿಯದ ಆ ಹುಡುಗಿಯ ಮೇಲೆ ರೇಗಿಬಿಟ್ಟೆ. ಮತ್ತೆ ಅಳೆದೆ. ಯಜಮಾನರು ಶ್ರೀಧರ್ ಸಾರ್ ಬಂದು "ಏನ್ ಜ್ಯೋತಿ, ಕಂಪ್ಲೇಂಟ್ ಬಂದಿದ್ಯಾ?" ಎಂದು ಕೇಳಿದರು. "ಇಲ್ಲ ಸಾರ್, ಬಂದಿದ್ರೆ ಚೆನ್ನಾಗಿತ್ತು" ಎಂದೆ. 

ಯಾರಾದರೂ ನನ್ನ ಕೈಗುಣ ಹೊಗಳಿದರೆ ಹಿಗ್ಗುತ್ತಿದ್ದವಳು ನಾನು. ಈಗ ನನ್ನ ಕೆಲಸ ಕೆಟ್ಟಿರಲಿ ದೇವರೇ ಎಂದು ಬೇಡುತ್ತಿದ್ದೇನೆ.

ಮನೆಯಲ್ಲಿ ಕೂತಲ್ಲಿ ಕೂರಲಾಗುತ್ತಿಲ್ಲ. ಒಗೆದ ಬಟ್ಟೆಯನ್ನೇ ಮತ್ತೆ ಒಗೆದೆ. ಮನೆ ಓನರ್ ಲಕ್ಷ್ಮಮ್ಮ ಮಹಡಿಯಿಂದ "ಏನವ್ವಾ, ಇಂಗ್ ನೀರ್ ಸುರೀತಿದೀಯ, ಟ್ಯಾಂಕರ್ ನೀನ್ ತರುಸ್ತೀಯಾ?" ಎಂದು ಕೂಗಿದರು. ಬೆಳಿಗ್ಗೆ ಮೆಡಿಕಲ್ ಸ್ಟೋರಿಗೆ ಹೋಗಿ ಬೇರೆ ಕಂಪನಿಯ ಜೆಲ್ ತಂದೆ. ನಾಡಿದ್ದು ಅದನ್ನೇ ಹಚ್ಚಿಸಿಕೊಳ್ಳುತ್ತೇನೆ. ಇವರು ಬಾಟಲಿ ನೋಡಿ "ನಿನ್ ಜೆಲ್ ನಿಂಗೇ ಆಗಲ್ವೇನೇ?" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ನನ್ನ ಹೆಸರಲ್ಲಿ ಒಂದು ದೀಪ ಹಚ್ಚು. ಭಾವನವರಿಗೆ ನಮಸ್ಕಾರ, ಮಕ್ಕಳಿಗೆ ನನ್ನ ಆಶೀರ್ವಾದ.

ನಿನ್ನ ತಂಗಿ,
ಜ್ಯೋತಿಲಕ್ಷ್ಮಿ

ತಾ.ಕ.: ಕಾಗದ ಅಂಚೆಗೆ ಹಾಕಿರಲಿಲ್ಲ. ಇವತ್ತು ಮಂಗಳವಾರ, ಈಗಷ್ಟೇ ಸ್ಕ್ಯಾನಿಂಗ್ ಮುಗಿಸಿ ಬಂದೆ. ನಾನು ಕೊಂಡುಹೋಗಿದ್ದ ಜೆಲ್ಲನ್ನೇ ಹಚ್ಚಿದರು. ಚಿತ್ರ ಬಹಳ ಸ್ಪಷ್ಟವಾಗಿ ಬಂತು. ಎದೆಬಡಿತ ಇರಲಿಲ್ಲ. ನಾನು ಡಾಕ್ಟರಮ್ಮನ ಕೈ ಹಿಡಿದುಕೊಂಡು "ಈ ಜೆಲ್ ಸರಿಯಿಲ್ಲ ಮೇಡಂ, ನಮ್ ಯೂನಿಟ್ಟಿಂದು ಹಾಕಿ ಇನ್ನೊಂದ್ಸಲ ನೋಡಿ" ಎಂದೆ. ಪಾಪ, ಅದನ್ನೂ ಹಚ್ಚಿ ನೋಡಿದರು.