ಸಾಹೇಬರ ಡಾರ್ಟಿಗೊಂದು ಪೆಟ್ಟಿಗೆ

ನವೆಂಬರ್ 4, 1958. ಮಂಗಳವಾರ. ಹಾಸನ

ಹಳೇಕೋಟೆ ಮೋರಿಯ ನಕ್ಷೆಯ ಟ್ರೇಸಿಂಗ್ ಮೂರನೇ ಸಲ. ಮೊದಲನೇದಕ್ಕೆ ಜವಾನ ಶಿವಯ್ಯ ಕಾಫಿ ಚೆಲ್ಲಿದ. ಎರಡನೇದಕ್ಕೆ ನಾನೇ ಚೆಲ್ಲಿದೆ. ಅದನ್ನೂ ಶಿವಯ್ಯನ ತಲೆಗೇ ಕಟ್ಟಿದೆ. ಒಂದಕ್ಕೆ ಬೈಸಿಕೊಂಡವನು ಎರಡಕ್ಕೆ ಬೈಸಿಕೊಂಡರೆ ಏನು ಹೋಯಿತು?

ಹನ್ನೊಂದಕ್ಕೆ ಇಂಜಿನಿಯರ್ ಸಾಹೇಬರ ಕರೆ. ಚಂದ್ರಶೇಖರಯ್ಯನವರು ಟ್ರೇಸರನ್ನು ಕರೆಸುವುದೆಂದರೆ ಬೈಯಲಿಕ್ಕೇ. ಬೈಯಲಿಲ್ಲ! ಮೇಜಿನ ಮೇಲೆ ಮೂರು ಡಾರ್ಟು. ಗೇಣುದ್ದ. ಉಕ್ಕಿನ ಮೊನೆ, ಹಿತ್ತಾಳೆ ಮೈ, ಬಾಲಕ್ಕೆ ಹಕ್ಕಿಗರಿ. ಸ್ವದೇಶಕ್ಕೆ ಹೊರಟ ಯಾರೋ ಕಾಫಿತೋಟದ ದೊರೆ ಕೊಟ್ಟು ಹೋದದ್ದಂತೆ. ಗೋಡೆಗೆ ಹಲಗೆ ತೂಗುಹಾಕಿ ಎಸೆಯುವ ಆಟ. ಕ್ಲಬ್ಬಿನಲ್ಲಿ ಸಾಹೇಬರೇ ಚಾಂಪಿಯನ್. ಎದುರು ಆಡುವವರೆಲ್ಲ ಅವರ ಕೈಕೆಳಗಿನವರು, ಆ ಮಾತು ಬೇರೆ.

"ಕ್ಯಾಂಪಿಗೆ ಒಯ್ಯೋಕೆ ಇದಕ್ಕೊಂದು ಪೆಟ್ಟಿಗೆ ಬೇಕು ಪಾಲಾಕ್ಷ. ಮೊನೆ ಯಾರಿಗೂ ಚುಚ್ಚಬಾರದು. ಗರಿ ಮುದುಡಬಾರದು. ಜೀಪಿನಲ್ಲಿ ಗಲಗಲ ಅನ್ನಬಾರದು. ಒಂದೇ ಕೈಲಿ ತೆಗೆಯೋ ಹಾಗಿರಬೇಕು. ಇಪ್ಪತ್ತನೇ ತಾರೀಖು ತೋಟದವರ ಜೊತೆ ಮ್ಯಾಚಿದೆ, ನೆನಪಿರಲಿ."

ನಾಲ್ಕು ವರ್ಷದಿಂದ ನಾನು ಟೆಂಪರರಿ. ಕಾಯಂ ಮಾಡುವ ಕಾಗದ ಅದೇ ಮೇಜಿನ ಮೇಲಿತ್ತು. ಡಾರ್ಟಿನ ಅಡಿಯಲ್ಲಿ. ಕಣ್ಣಾರೆ ನೋಡಿದೆ.

ನವೆಂಬರ್ 6, ಗುರುವಾರ

ಡಿಸೈನ್ ನಂ. 1: ಬಿದಿರಿನ ಕೊಳವೆ. ಪ್ಲಾನು, ಎಲಿವೇಷನ್, ಸೆಕ್ಷನ್—ಮೂರೂ ಇಂಡಿಯನ್ ಇಂಕಿನಲ್ಲಿ. ನೋಡಿದವರು ಕಣ್ಣಿಗೊತ್ತಿಕೊಳ್ಳಬೇಕು, ಹಾಗಿತ್ತು ನಕ್ಷೆ.

ಆದರೆ ಮೊನೆ ಕೆಳಗಾಗಿ ಇಳಿಬಿಟ್ಟರೆ ಗರಿ ಹಿಡಿದೇ ಎಳೆಯಬೇಕು. ಗರಿ ಕಿತ್ತು ಕೈಗೆ ಬಂದರೆ ನನ್ನ ನೌಕರಿಯೂ ಕೈಗೆ ಬರುತ್ತದೆ. ಸರಿ, ಕೊಳವೆಯನ್ನೇ ಬೋರಲು ಹಾಕಿದೆ. ಮೂರೂ ಒಟ್ಟಿಗೆ ಬಿದ್ದವು. ಎರಡು ನೆಲಕ್ಕೆ. ಒಂದು ಶಿವಯ್ಯನ ಪಾದಕ್ಕೆ.

"ಅಯ್ಯಯ್ಯಪ್ಪೋ ಸತ್ತೆ ಸಾ! ನನ್ ಕಾಲ್ನೇನ್ ಅಲಗೆ ಅನ್ಕಂಡ್ರಾ?"

ಟಿಂಚರ್ ಹಚ್ಚಿದೆ. ಪಾದಕ್ಕೆ ಬಿದ್ದರೆ ಎಷ್ಟು ಪಾಯಿಂಟೋ, ಸಾಹೇಬರನ್ನು ಕೇಳುವ ಧೈರ್ಯವಾಗಲಿಲ್ಲ.

ನವೆಂಬರ್ 10, ಸೋಮವಾರ

ಡಿಸೈನ್ ನಂ. 2: ಪೌಡರ್ ಡಬ್ಬಿ. ಹೆಂಡತಿ ಪ್ರೇಮಕುಮಾರಿ ಹೆರಿಗೆಗೆ ತವರಿಗೆ ಹೊರಡುವಾಗ ಬಿಟ್ಟುಹೋದದ್ದು. (ಏಳು ತಿಂಗಳು ತುಂಬಿತು. ಮನೆ ಭಣಭಣ ಅನ್ನುತ್ತದೆ. ಪಾತ್ರೆ ತೊಳೆಯದೆ ಮೂರು ದಿನ.) ಮುಚ್ಚಳ ಕತ್ತರಿಸಿ ಒಳಗೆ ಹತ್ತಿ ತುಂಬಿದೆ. ಗಲಗಲ ನಿಂತಿತು. ಮೊನೆ ಚುಚ್ಚಲಿಲ್ಲ. ಗರಿ ಮುದುಡಲಿಲ್ಲ.

ಸಾಹೇಬರು ತೆರೆದರು. ಒಂದು ಸೀನು. ಎರಡು. ಏಳರವರೆಗೆ ಎಣಿಸಿದೆ. ಮೀಸೆ ಪೂರ್ತಿ ಬೆಳ್ಳಗಾಗಿತ್ತು.

"ನಾನು ಹೋಗೋದು ಮ್ಯಾಚಿಗೇನ್ರೀ, ಮದುವೆಗೋ?"

ನವೆಂಬರ್ 14, ಶುಕ್ರವಾರ

ಸಿಕ್ಕಿತು! ಡಿಸೈನ್ ನಂ. 3!

ಮೊನೆಗೆ ಮೆತ್ತಗಿನದೇನಾದರೂ ಬೇಕು. ಸೀಸೆಯ ಬಿರಡೆಗೆ ಊರೆಲ್ಲ ಅಲೆದೆ, ಸಿಗಲಿಲ್ಲ. ಊಟದ ಎಲೆಯ ತುದಿಯಲ್ಲೇ ಇತ್ತು ಉತ್ತರ—ನಿಂಬೆಹಣ್ಣು! ಮೊನೆಗೊಂದು ಚುಚ್ಚಿದರೆ ಬಿಗಿಯಾಗಿ ಕೂರುತ್ತದೆ. ಹಳೆಯದಾದರೆ ಬಿಸಾಕು, ಇನ್ನೊಂದು ಚುಚ್ಚು. ಹೊದಿಕೆಗೆ ಆಫೀಸಿನ ದಫ್ತರ ಕಟ್ಟುವ ಕೆಂಪು ಬಟ್ಟೆ, ಮೂರು ಜೇಬು ಹೊಲಿದೆ. ತೇವ ಹೀರಲು ಒಳಗೊಂದು ಹಿಡಿ ಅಕ್ಕಿ. ಸುತ್ತಿ ಕಟ್ಟಲು ಕರಿದಾರ, ಮುರಿದ ಕೊಡೆಯದು. ಒಂದೊಂದನ್ನೂ ಯೋಚಿಸಿ ಆರಿಸಿದ್ದೇನೆ. ದೇವರಾಣೆ, ಇದರಲ್ಲಿ ಎತ್ತಿ ತೋರಿಸುವಂಥ ಒಂದು ದೋಷವಿಲ್ಲ.

ಸಾಹೇಬರು ಅರಕಲಗೂಡು ಕ್ಯಾಂಪಿಗೆ ಜೀಪು ಹತ್ತುತ್ತಿದ್ದರು. "ನಾಳೆ ಚನ್ನರಾಯಪಟ್ಟಣಕ್ಕೆ ಹೋಗ್ತೀರಲ್ಲ, ಬಸ್ಸಿನಲ್ಲಿ ಒಯ್ದು ಪರೀಕ್ಷೆ ಮಾಡಿ. ಆ ಕುಲುಕಾಟ ತಡೆದರೆ ಯಾವುದನ್ನೂ ತಡೆಯುತ್ತೆ. ಬುಧವಾರ ಸಂಜೆ ನನ್ನ ಕೈಲಿರಬೇಕು."

ನವೆಂಬರ್ 15, ಶನಿವಾರ, ಸಂಜೆ. ಚನ್ನರಾಯಪಟ್ಟಣ, ಮಾವನ ಮನೆ

ಜಯ! ಶಾಂತಿಗ್ರಾಮದಲ್ಲಿ ಹತ್ತಿದ ದಢೂತಿ ಮನುಷ್ಯ ನೇರ ಡಾರ್ಟಿನ ಗಂಟಿನ ಮೇಲೇ ಕೂತ. ಕಣ್ಣು ಮುಚ್ಚಿಕೊಂಡೆ. ಕಿಟಾರನೆ ಕಿರುಚಲಿಲ್ಲ! ಇಳಿಯುವವರೆಗೂ ಹಾಯಾಗಿ ಕೂತಿದ್ದ.

ಮಾವ ರುದ್ರಯ್ಯನವರು ಕೊಬ್ಬರಿ ಮಂಡಿಯಿಂದ ಆಗ ತಾನೇ ಬಂದಿದ್ದರು. "ಏನು ಗೀಟು ಎಳೆಯೋ ಅಳಿಯಂದ್ರು, ಕಾಯಂ ಆಯ್ತೋ?" ಬಂದ ಕೂಡಲೇ ಇದೇ. "ಆಗ್ತಾ ಇದೆ ಮಾವ" ಅಂದೆ. ಜಗಲಿಯಲ್ಲಿ ಕೂತು ಬೂಟು ಬಿಚ್ಚಿದೆ. ಹಣ್ಣು, ಹೂವು, ಚೀಲ ಎತ್ತಿಕೊಂಡು ಒಳಗೆ ಬಂದೆ. ಗಂಟು? ಜಗಲಿಯ ಮೇಲೇ ಇರಬೇಕು. ಅತ್ತೆ ಊಟಕ್ಕೆ ಕೂಗುತ್ತಿದ್ದಾರೆ. ಒಬ್ಬಟ್ಟಿನ ವಾಸನೆ. ಆಮೇಲೆ ನೋಡಿದರಾಯಿತು.

ನವೆಂಬರ್ 16, ಭಾನುವಾರ, ಬೆಳಿಗ್ಗೆ 7

ಅತ್ತೆ ಅನಸೂಯಮ್ಮನವರ ಕಿರುಚಾಟಕ್ಕೆ ಎಚ್ಚರವಾಯಿತು. ಪಂಚೆ ಸುತ್ತಿಕೊಂಡು ಓಡಿದೆ.

ಹೊಸಿಲಲ್ಲಿ ಬಿಚ್ಚಿದ ಗಂಟು. ನಿಂಬೆರಸಕ್ಕೆ ಬಟ್ಟೆಯ ಬಣ್ಣ ಬಿಟ್ಟು ಅಕ್ಕಿಯೆಲ್ಲ ರಕ್ತದ ಹಾಗೆ ಕೆಂಪು. ಕೆಂಪು ನಿಂಬೆಹಣ್ಣು ಮೂರು. ಅದಕ್ಕೆ ಚುಚ್ಚಿದ ಮೊಳೆ. ಕರಿದಾರ. ಗರಿ.

ನೋಡಿ ನಾನೇ ಎರಡು ಹೆಜ್ಜೆ ಹಿಂದೆ ಸರಿದೆ. ಮಾಡಿದವನು ನಾನೇ ಅಂತ ನೆನಪಾಗಲು ಒಂದು ಗಳಿಗೆ ಬೇಕಾಯಿತು.

"ಮಾಟ! ಬಸುರಿ ಮಗಳಿರೋ ಮನೆ ಹೊಸಿಲಿಗೆ ಮಾಟ! ಅಯ್ಯೋ ಶಿವನೇ, ಕೋಳಿಪುಕ್ಕ! ನಮ್ಮ ಮನೆ ಬಾಗ್ಲಲ್ಲಿ ಕೋಳಿಪುಕ್ಕ!" ಅತ್ತೆ ಎದೆ ಬಡಿದುಕೊಂಡರು.

ಕೋಳಿಯದಲ್ಲ, ಸೀಮೆಯ ಯಾವುದೋ ಹಕ್ಕಿಯದು—ಬಾಯಿ ತೆರೆದೆ. ಅಷ್ಟರಲ್ಲಿ ಮಾವ ನನ್ನ ಭುಜ ಹಿಡಿದುಕೊಂಡರು. "ಯಾವನು ಇದನ್ನ ಇಲ್ಲಿಟ್ಟನೋ ಅವನ ಕೈ ಮುರೀದಿದ್ರೆ ನಾನು ರುದ್ರಯ್ಯನೇ ಅಲ್ಲ, ಅಳಿಯಂದ್ರೇ!"

ಬಾಯಿ ಮುಚ್ಚಿದೆ.

ಬೆಳಿಗ್ಗೆ 11

ಜಗಲಿಯಿಂದ ಹೊಸಿಲಿಗೆ ಉರುಳಿದ್ದ ಗಂಟನ್ನು ಮೊದಲು ಕಂಡು ಬಿಚ್ಚಿದವಳು ಮಾರಮ್ಮ. ಅಂಗಳ ಗುಡಿಸುವ, ಕೊಟ್ಟಿಗೆ ನೋಡುವ ಹೆಂಗಸು. "ಏನೋ ಬಿದ್ದದೆ ನೋಡ್ರವ್ವಾ" ಅಂತ ಕರೆದು ತೋರಿಸಿದ್ದೂ ಅವಳೇ. ಈಗ ಅದೇ ತಪ್ಪಾಗಿದೆ.

ಹೋದ ವಾರ ಅತ್ತೆ ಹಳಸಿದ ಅನ್ನ ಹಾಕಿದರಂತೆ. "ನಿಮ್ ಮಗ್ಳಿಗೂ ಇದ್ನೇ ಇಕ್ತೀರವ್ವಾ?" ಅಂದಳಂತೆ. ಮಗಳ ಹೆಸರೆತ್ತಿದ್ದಳಲ್ಲ, ಅದಕ್ಕೇ ಇವಳದೇ ಕೆಲಸ ಅಂತ ಅತ್ತೆಯ ತೀರ್ಮಾನ. ಮಂಡಿಯ ಇಬ್ಬರು ಆಳುಗಳು ಅವಳನ್ನು ಬೀದಿಗೆ ತಳ್ಳಿದರು. "ನಾನಲ್ಲ ಬುದ್ದೀ, ನನ್ ಮಕ್ಕಳಾಣೆಗೂ ನಾನಲ್ಲ!" ಬೀದಿ ಬೀದಿಯೇ ನಿಂತು ನೋಡಿತು. ಅವಳು ಕೆಲಸ ಮಾಡುವ ಇನ್ನೆರಡು ಮನೆಯವರೂ ಅಲ್ಲೇ ನಿಂತು, ನಾಳೆಯಿಂದ ಬರಬೇಡ ಅಂದರು.

ನಾನು ಜಗಲಿಯ ಕಂಬ ಹಿಡಿದು ನಿಂತಿದ್ದೆ. ಕಂಬವೇ ಬೀಳುತ್ತದೇನೋ ಅನ್ನುವ ಹಾಗೆ.

ಸಂಜೆ ಹೇಳುತ್ತೇನೆ. ಮಾವ ತಣ್ಣಗಾಗಲಿ.

ಸಂಜೆ 5

ಮಾವ ತಣ್ಣಗಾಗಿಲ್ಲ. ಗಂಟಿನ ಮೇಲೆ ಮಂಕರಿ ಬುಟ್ಟಿ ಬೋರಲು ಹಾಕಿ ಬೇವಿನಸೊಪ್ಪು ಹೊದಿಸಿದ್ದಾರೆ. ಪ್ರೇಮಳನ್ನು ಒಳಕೋಣೆಯಲ್ಲಿ ಕೂರಿಸಿ, ಹೊರಗಿನವರ ಗಾಳಿ ಸೋಕಬಾರದು ಅಂತ ಚಿಲಕ ಹಾಕಿದ್ದಾರೆ. ನಾನೂ ಹೊರಗಿನವನಂತೆ! ನುಗ್ಗೇಹಳ್ಳಿ ಕಡೆಯಿಂದ ಮಂಚಯ್ಯ ಅನ್ನುವ ಮಂತ್ರವಾದಿ ಮಂಗಳವಾರ ಬಂದು ತಡೆ ಒಡೆಯುತ್ತಾನಂತೆ.

ನಾಳೆ ಆಫೀಸಿಗೆ ಹೋಗಬೇಕು. ಡಾರ್ಟು ಮಂಕರಿಯೊಳಗೆ. ಮಂಕರಿ ಮುಟ್ಟಿದವನು ಸಾಯುತ್ತಾನೆ ಅಂತ ಅತ್ತೆ ಕಾವಲು ಕೂತಿದ್ದಾರೆ. "ಹೊಟ್ಟೆನೋವು, ರಜೆ ಬೇಕು" ಅಂತ ಆಫೀಸಿಗೆ ತಂತಿ ಕೊಟ್ಟೆ. ಸುಳ್ಳೇನಲ್ಲ. ನಿಜವಾಗಿ ನೋಯುತ್ತಿದೆ.

ನವೆಂಬರ್ 18, ಮಂಗಳವಾರ, ಮಧ್ಯಾಹ್ನ

ನಿನ್ನೆ ಬರೆಯಲಿಲ್ಲ. ಬರೆಯುವಂಥದ್ದೇನೂ ಮಾಡಲಿಲ್ಲ. ನಾಲ್ಕು ಸಲ ಮಾವನ ಎದುರು ಹೋಗಿ ನಾಲ್ಕು ಸಲ ನೀರು ಕೇಳಿ ಕುಡಿದು ಬಂದೆ.

ಹತ್ತಕ್ಕೆ ಮಂಚಯ್ಯ ಬಂದ. ಕುಂಕುಮ, ಕೆಂಡ, ಹೊಗೆ. ಮಂಕರಿ ಎತ್ತಿದ. ಒಂದು ಡಾರ್ಟು ಕೈಗೆತ್ತಿಕೊಂಡು ಹುಬ್ಬೇರಿಸಿದ. "ಇದು ಈ ಸೀಮೆ ಮಾಟ ಅಲ್ಲ ಯಜಮಾನ್ರೇ. ಬಲು ದೂರದ್ದು. ಸಮುದ್ರ ದಾಟಿ ಬಂದದೆ."

ಅವನ ವಿದ್ಯೆಯಲ್ಲಿ ಏನೋ ಇದೆ ಅಂತ ಒಪ್ಪಲೇಬೇಕು!

"ಮೂರ್ನೂ ಮೂರ್ ಮೂರ್ ತುಂಡ್ ಮಾಡಿ ಕೆರೆಗಾಕ್ಬೇಕು." ಕಲ್ಲಿನ ಮೇಲಿಟ್ಟ. ಸುತ್ತಿಗೆ ಎತ್ತಿದ.

"ಮುರೀಬೇಡಿ! ಅದು ಇಂಜಿನಿಯರ್ ಸಾಹೇಬರದು!"

ಕೂಗಿದವನು ನಾನೇ. ಮಾವ ನನ್ನನ್ನೇ ನೋಡಿದರು. ಮುಖ ಬಿಳಿಚಿಕೊಂಡಿತು.

"ಇಂಜಿನಿಯರ್ ಸಾಹೇಬ್ರು... ನಮಗ್ಯಾಕೆ ಮಾಟ ಮಾಡ್ಸಿದ್ರು ಅಳಿಯಂದ್ರೇ? ನಾವವರಿಗೆ ಏನ್ ಮಾಡಿದ್ವಿ?"

ಎಲ್ಲ ಹೇಳಿದೆ. ಕ್ಲಬ್ಬು, ಬಿದಿರು, ಪೌಡರು, ನಿಂಬೆಹಣ್ಣು. ಯಾರೂ ನಂಬಲಿಲ್ಲ. ಕೊನೆಗೆ ಒಂದು ಡಾರ್ಟು ಕಿತ್ತುಕೊಂಡು ಕೊಬ್ಬರಿ ಚೀಲಕ್ಕೆ ಗುರಿಯಿಟ್ಟು ಎಸೆದೆ. ಮಾವನ ಕ್ಯಾಲೆಂಡರಿಗೆ ನಾಟಿತು. ಆಗ ನಂಬಿದರು—ಇಷ್ಟು ಪೆದ್ದು ಕೆಲಸ ಮಾಟಗಾರ ಮಾಡುವುದಿಲ್ಲ ಅಂತ.

ಮಾವ ಬೈದದ್ದನ್ನು ಬರೆಯುವುದಿಲ್ಲ. ಪುಸ್ತಕ ಸಾಲದು.

ಮಧ್ಯಾಹ್ನ 3

ಪ್ರೇಮಳ ಕೋಣೆಯ ಚಿಲಕ ತೆಗೆದರು. ಕೇಳಿ ಕೇಳಿ ನಕ್ಕಳು, ಹೊಟ್ಟೆ ಹಿಡಿದುಕೊಂಡು. ಅತ್ತೆ ಹೆದರಿ ಸೂಲಗಿತ್ತಿಗೆ ಹೇಳಿಕಳಿಸಲು ಹೊರಟರು. ಆಮೇಲೆ ಡಾರ್ಟು ತೆಗೆದು ನೋಡಿದಳು. ಮೊನೆ ಮೂರೂ ತುಕ್ಕು.

"ಹುಳಿಗೆ ಉಕ್ಕು ಚುಚ್ಚಿದ್ರೆ ತುಕ್ಕು ಹಿಡೀದೆ ಇನ್ನೇನ್ರೀ? ಓದಿದೋರು ನೀವು." ಮೊನೆ ಉಜ್ಜಿ, ಮಂಡಿಯ ಒಂದು ಕೊಬ್ಬರಿ ಗಿಟುಕಿಗೆ ಮೂರನ್ನೂ ನಾಟಿಸಿದಳು. ಗಟ್ಟಿಯಾಗಿ ನಿಂತವು. ಎಣ್ಣೆ ತಾನೇ ಹತ್ತುತ್ತದೆ, ತುಕ್ಕಿನ ಭಯವಿಲ್ಲ. ಗಿಟುಕನ್ನು ತನ್ನ ಬಳೆ ಪೆಟ್ಟಿಗೆಯ ತಳದಲ್ಲಿ ಕೂರಿಸಿದಳು. ಗರಿ ಮೇಲೆ, ಸಲೀಸು. ಅಲ್ಲಾಡಿಸಿದಳು. ಸದ್ದಿಲ್ಲ. ಮೈ ಹಿಡಿದು ಒಂದೇ ಕೈಲಿ ತೆಗೆದಳು.

ಹದಿನಾಲ್ಕು ದಿನ ನಾನು, ಹತ್ತು ನಿಮಿಷ ಅವಳು. ಹೊಟ್ಟೆಕಿಚ್ಚಾಯಿತು, ಹೆಮ್ಮೆಯೂ ಆಯಿತು.

"ನಿಮ್ಮ ಸಾಹೇಬರಿಗೆ ಆಯ್ತು" ಅಂದಳು. "ಮಾರಮ್ಮಂಗೆ?"

ಮಾವನನ್ನು ಕೇಳಿದೆ. "ಸುಮ್ಮನಿರಿ ಅಳಿಯಂದ್ರೇ. ಅಳಿಯನ ಆಟದ ಸಾಮಾನಿಗೆ ರುದ್ರಯ್ಯ ತಡೆ ಒಡೆಸ್ದ ಅಂತ ಮಂಡೀಲಿ ನಗೋದು ಬೇಡ. ಹೇಗೂ ಅವಳು ಅಂತ ಆಗೋಗಿದೆ. ಹಂಗೇ ಇರ್ಲಿ. ಹೆರಿಗೆ ಕಳೀಲಿ, ಕರೆಸ್ಕಂಡ್ರಾಯ್ತು."

ಸಂಜೆ 6

ಕೆರೆ ಆಚೆ ಮಾರಮ್ಮನ ಕೇರಿಗೆ ಹೋಗಿದ್ದೆ. ರಾಗಿ ಕೇರುತ್ತಿದ್ದಳು. ಕೂರು ಅನ್ನಲಿಲ್ಲ. ನಿಂತೇ ಎಲ್ಲ ಹೇಳಿದೆ, ಸುತ್ತಿಗೆ ಎತ್ತಿದಾಗ ಕೂಗಿದ್ದನ್ನೂ ಸೇರಿಸಿ. ತಪ್ಪಾಯಿತು ಅಂದೆ. ಮೊರ ನಿಲ್ಲಲಿಲ್ಲ.

"ಅಂಗಾರೆ ಸೂಜಿ ಮುರಿಯೋ ಗಳಿಗೇಲಿ ಬಾಯ್ ಬಂತು ನಿಮ್ಗೆ. ನನ್ನ ಬೀದಿಗ್ ತಳ್ಳೋವಾಗ ಕಂಬ ಇಡ್ಕಂಡ್ ನಿಂತಿದ್ರಿ. ನಾ ನೋಡ್ದೆ ಬುದ್ದಿ."

ಹೊಟ್ಟು ತೂರಿ ಮತ್ತೆ ಅವಳೇ ಅಂದಳು:

"ನಾನ್ ಮಾಡಿಲ್ಲ ಅನ್ನೋದು ನಂಗೊತ್ತಿಲ್ವಾ? ನನ್ ತಾವ ಬಂದು ಯಾಕ್ ಯೋಳ್ತೀರಿ? ಆ ಬೀದೀಲಿ ನಿಂತ್ಕಂಡು ಯೋಳೋಗಿ."

ದಾರಿಯುದ್ದಕ್ಕೂ ಸಿಟ್ಟು ಬಂತು ಅವಳ ಮೇಲೆ. ನಾನು ಅಷ್ಟು ದೂರ ಹೋಗಿದ್ದೆನಲ್ಲ! ಕೆರೆ ಏರಿ ದಾಟುವಷ್ಟರಲ್ಲಿ ಸಿಟ್ಟು ಮುಗಿಯಿತು. ಉಳಿದದ್ದು ನಾಚಿಕೆ.

ನವೆಂಬರ್ 19, ಬುಧವಾರ, ಬೆಳಿಗ್ಗೆ 8

ಒಂಬತ್ತಕ್ಕೆ ಬಸ್ಸು. ಪೆಟ್ಟಿಗೆ ಕೈಯಲ್ಲಿದೆ. ಹೊರಗೆ ಬೀದಿ ತುಂಬ ಗಾಡಿ, ಕೊಬ್ಬರಿ ತಂದವರು, ಮಂಡಿಯವರು. ಆ ಎರಡು ಮನೆಯವರೂ ಬಾಗಿಲಲ್ಲೇ ಇದ್ದಾರೆ. ಹೇಳಬೇಕಾದ್ದನ್ನು ಬರೆದುಕೊಳ್ಳುತ್ತೇನೆ. ಬರೆಯದಿದ್ದರೆ ಮತ್ತೆ ನೀರು ಕೇಳಿ ಕುಡಿದು ಬರುತ್ತೇನೆ.

"ಈ ಮೂಲಕ ಸಮಸ್ತ ಮಹಾಜನರಿಗೆ ತಿಳಿಯಪಡಿಸುವುದೇನೆಂದರೆ, ತಾ. 16ರಂದು ದೊರೆತ ಗಂಟಿನ ವಿಷಯದಲ್ಲಿ—" ಥೂ. ಇದು ಟೆಂಡರ್ ನೋಟೀಸು.

"ಗಂಟು ನನ್ನದು. ಮಾರಮ್ಮನದಲ್ಲ. ಗೊತ್ತಿದ್ದೂ ಮೂರು ದಿನ ಬಾಯಿ ಮುಚ್ಚಿಕೊಂಡಿದ್ದೆ."

ಮೂರನೇ ಮಾತು ಬಿಟ್ಟರೆ ಆಗುವುದಿಲ್ಲವೇ? ಮೊದಲೆರಡಕ್ಕೆ ಜನ ನಗುತ್ತಾರೆ ಅಷ್ಟೇ. ಮೂರನೆಯದಕ್ಕೆ ಉಗಿಯುತ್ತಾರೆ... ಬಿಟ್ಟರೆ ಆಗುವುದಿಲ್ಲ. ಇರಲಿ.

ಪ್ರೇಮ ನಡುಮನೆಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಾಳೆ. ಮಾವ ಕೂಗುತ್ತಿದ್ದಾರೆ—"ಅಳಿಯಂದ್ರೇ, ಬಸ್ಸಿಗೆ ಹೊತ್ತಾಯ್ತು, ಹಿತ್ತಲ ಬಾಗ್ಲಿಂದ ಹೋಗ್ಬಿಡಿ, ಬೀದೀಲಿ ಜನ ಇದಾರೆ!"

ಶಾಯಿ ಇನ್ನೂ ಆರಿಲ್ಲ. ಮುಂಬಾಗಿಲ ಚಿಲಕ ಪ್ರೇಮಳೇ ತೆಗೆದಳು. ಈ ಹಾಳೆ ಹಿಡಿದು ಬೀದಿಗೆ ಹೊರಟೆ.